ಹರಟೆ ಗುಂಪಿಗೆ ವಾಟ್ಸ್‌ಆ್ಯಪ್: ಮಲೆನಾಡಿನ ಸಿಗ್ನಲ್ಲಿನಲ್ಲಿ ಎಂಟು ವರ್ಷ ಬಳಸಿದ ಮೇಲೆ

ಸಕಲೇಶಪುರ, ಬೇಲೂರು, ಮೂಡಿಗೆರೆ ಕಡೆಯ ಸುಮಾರು 180 ಜನರ ಹರಟೆ ಗುಂಪು ಇದು. ಹಾಡು, ಊರ ಸುದ್ದಿ, ಮಳೆ ಲೆಕ್ಕ, ಕಾಫಿ ರೇಟು, ಯಾರ ಮನೆ ಹಸು ಕರು ಹಾಕಿತು ಅನ್ನುವ ತನಕ ಎಲ್ಲವೂ ಅಲ್ಲೇ. ಎರಡು ವರ್ಷದಿಂದ ಪಕ್ಕದಲ್ಲಿ ಟೆಲಿಗ್ರಾಂ ಗುಂಪೂ ಇದೆ, ಹಾಡಿಗೆ ಮಾತ್ರ. ಇವತ್ತಿನ ಮಾತು ಇವತ್ತೇ ಮುಟ್ಟಬೇಕು ಅಂದರೆ ವಾಟ್ಸ್‌ಆ್ಯಪ್ ಚೆನ್ನಾಗಿದೆ, 5ಕ್ಕೆ 4 ಕೊಡಬಹುದು. ಆದರೆ ಕಾಪಿಟ್ಟುಕೊಳ್ಳಬೇಕಾದ ಮಾತನ್ನು, ಹಾಡನ್ನು ಅದರಲ್ಲಿ ಹಾಕಿ ನಂಬಿ ಕೂರಬಾರದು. ಆ ಕೆಲಸಕ್ಕೆ 2 ಸಾಕು.

ಮೊದಲು ಸಿಗ್ನಲ್ಲು. ಜೂನ್‌ನಿಂದ ಆಗಸ್ಟ್ ತನಕ ಘಟ್ಟದಂಚಿನಲ್ಲಿ ಕರೆಂಟ್ ಹೋದರೆ ಕೆಲವು ಗಂಟೆಯಲ್ಲಿ ಟವರಿನ ಬ್ಯಾಟರಿಯೂ ಮುಗಿಯುತ್ತೆ. ಆಮೇಲೆ ಮನೆಯ ಮೂಲೆಯಲ್ಲೋ ಕಣದ ತುದಿಯಲ್ಲೋ ಒಂದು ಕಡ್ಡಿ ಸಿಕ್ಕರೆ ಪುಣ್ಯ. ಅಂಥ ಹೊತ್ತಲ್ಲಿ ಬರೆದ ಮೆಸೇಜು ಹೇಗೋ ನುಸುಳಿ ಹೋಗುತ್ತೆ. ಮೈಕ್ ಒತ್ತಿ ಆಡಿದ ಒಂದು ನಿಮಿಷದ ಮಾತು ಸುಮಾರು 100ರಿಂದ 200 ಕೆಬಿ, ಅದೂ ಹೋಗುತ್ತೆ. ವಿಡಿಯೊ ಮಾತ್ರ ಹಾಕಬೇಡಿ. ಅದು ಏರುತ್ತಾ ಕೂತರೆ ಇದ್ದ ಚೂರು ಸಿಗ್ನಲ್ಲನ್ನೆಲ್ಲ ಅದೇ ತಿನ್ನುತ್ತೆ, ಹಿಂದೆ ಹಾಕಿದ 'ಮರ ಬಿದ್ದಿದೆ, ರಸ್ತೆ ಬಂದ್' ಅನ್ನೋ ಒಂದು ಸಾಲೂ ಗಡಿಯಾರದ ಗುರುತಿನಲ್ಲೇ ಕೊಳೆಯುತ್ತೆ. ಅರ್ಧ ಏರಿದ ವಿಡಿಯೊ ಮೇಲಿನ X ಗುರುತು ಒತ್ತಿ ನಿಲ್ಲಿಸಿದರೆ ಉಳಿದವು ಹೊರಡುತ್ತವೆ.

ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ಅಂಡ್ ಡೇಟಾ ತೆಗೆದು, ಮೊಬೈಲ್ ಡೇಟಾ ಬಳಸುವಾಗ ತಾನಾಗಿ ಇಳಿಯುವ ಫೋಟೊ, ಆಡಿಯೊ, ವಿಡಿಯೊ, ಡಾಕ್ಯುಮೆಂಟ್ ನಾಲ್ಕರ ಟಿಕ್ಕನ್ನೂ ತೆಗೆಯಿರಿ. ಮೈಕಿನ ಮಾತು ಆಗಲೂ ತಾನಾಗಿಯೇ ಇಳಿಯುತ್ತೆ, ಅದಕ್ಕೆ ಈ ಟಿಕ್ಕಿನ ಹಂಗಿಲ್ಲ. ಓದೋಕೆ ಕಣ್ಣು ಮಂಜಾದ ಅಜ್ಜ, ಅಜ್ಜಿಯರಿಗೆ ಇದೇ ದೊಡ್ಡ ಅನುಕೂಲ. ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ: ಫೋನಿಗೆ ತಲುಪದ ಮೆಸೇಜು ಸರ್ವರಿನಲ್ಲಿ ಇರುವುದು 30 ದಿನ ಮಾತ್ರ. ಮಳೆಯಲ್ಲಿ ನೆಂದ ಫೋನು ರಿಪೇರಿ ಅಂಗಡಿಯಲ್ಲಿ ಒಂದೂವರೆ ತಿಂಗಳು ಕೂತರೆ ಮೊದಲ ಎರಡು ವಾರದ ಮಾತು ಹೋಯಿತು ಅಂತಲೇ ಲೆಕ್ಕ.

ದಿನದ ಹರಟೆಯಲ್ಲಿ ಅತಿ ಹೆಚ್ಚು ಗೊಂದಲ ಆಗುವುದು ಮಳೆ ಲೆಕ್ಕದಲ್ಲಿ.

'ನಿಮ್ ಕಡೆ ಎಷ್ಟು ಬಿತ್ತು ಮಾರಾಯ?'

'25.'

ಇಷ್ಟೇ ಉತ್ತರ. ತೋಟದವರ ಬಾಯಲ್ಲಿ 25 ಅಂದರೆ 25 ಸೆಂಟು, ಅಂದರೆ ಕಾಲಿಂಚು, 6 ಮಿ.ಮೀ.ಗೆ ಸ್ವಲ್ಪ ಹೆಚ್ಚು. ಪೇಟೆಯಲ್ಲಿ ಕೂತು ಹವಾಮಾನ ವರದಿ ನೋಡುವವರಿಗೆ ಅದು 25 ಮಿ.ಮೀ., ಹತ್ತಿರಹತ್ತಿರ ಒಂದು ಇಂಚು. ಒಂದಕ್ಕೆ ನಾಲ್ಕು ಪಟ್ಟು ವ್ಯತ್ಯಾಸ! ಮಾರ್ಚ್, ಏಪ್ರಿಲ್‌ನಲ್ಲಿ ಕಾಫಿ ಹೂ ಅರಳಿಸುವ ಹೂ ಮಳೆಗೆ ಕಾಯುವಾಗ ಇದು ಸಣ್ಣ ಮಾತಲ್ಲ. ಕಾಲಿಂಚು ಬಿದ್ದ ತೋಟಕ್ಕೆ ಸ್ಪ್ರಿಂಕ್ಲರ್ ಬೇಕಾಗುತ್ತೆ, ಒಂದಿಂಚು ಬಿದ್ದವರು ಪಂಪ್ ಮನೆಗೆ ಬೀಗ ಹಾಕಬಹುದು. ಆದ್ದರಿಂದ ಊರು, ಅಳೆದ ಹೊತ್ತು, ಅಳತೆ ಮೂರನ್ನೂ ಬರೆಯುವುದು ರೂಢಿಯಾಗಬೇಕು: 'ಹಾನುಬಾಳು, ಬೆಳಿಗ್ಗೆ 7ಕ್ಕೆ, 1 ಇಂಚು 20 ಸೆಂಟು.' ಹವಾಮಾನ ಇಲಾಖೆ ದಿನದ ಮಳೆ ಲೆಕ್ಕ ಹಾಕುವುದು ಬೆಳಿಗ್ಗೆ 8.30ಕ್ಕೆ. ಅದಕ್ಕೇ ಅವರ ಅಂಕಿಗೂ ತೋಟದ ಅಂಕಿಗೂ ತಾಳೆ ಆಗದೆ ಇದ್ದರೆ ಜಗಳಕ್ಕೆ ನಿಲ್ಲಬೇಕಿಲ್ಲ.

ಕಾಫಿ ರೇಟಿನದೂ ಇದೇ ಪಾಡು. '50 ಕೆಜಿ ಮೂಟೆಗೆ ಇಷ್ಟು' ಅಂದರೆ ಸಾಲದು. ಅರೇಬಿಕಾ ಪಾರ್ಚ್‌ಮೆಂಟೋ (ತಿರುಳು ತೆಗೆದು ಒಣಗಿಸಿದ್ದು) ಚೆರಿಯೋ (ಹಣ್ಣನ್ನು ಹಾಗೇ ಒಣಗಿಸಿದ್ದು), ರೊಬಸ್ಟಾ ಚೆರಿಯಾದರೆ ಎಷ್ಟು ಔಟ್‌ಟರ್ನಿಗೆ, ಅಂದರೆ ಸಿಪ್ಪೆ ತೆಗೆದ ಮೇಲೆ ಎಷ್ಟು ಬೀಜ ಉಳಿಯುವ ಲೆಕ್ಕಕ್ಕೆ ಆ ರೇಟು, ಅದೂ ಬೇಕು.

ಆನೆ ಮೆಸೇಜಿಗೆ ಸಮಯ ಬರೆಯದೆ ಹಾಕುವುದು ಅಪಾಯ. ಆಲೂರು, ಸಕಲೇಶಪುರ, ಬೇಲೂರು ಕಡೆ ಇದು ತಮಾಷೆಯ ವಿಷಯವೇ ಅಲ್ಲ. 'ಈಗ ರಸ್ತೆ ದಾಟ್ತಿದೆ' ಅಂತ ಸಂಜೆ 6ಕ್ಕೆ ಬರೆದದ್ದು ಸಿಗ್ನಲ್ ಸಿಕ್ಕಿ ರಾತ್ರಿ 9ಕ್ಕೆ ತಲುಪಿದರೆ ಓದಿದವರು ಯಾವ 'ಈಗ' ಅಂತ ತಿಳಿಯಬೇಕು? 'ಸಂಜೆ 6.10, ಶಾಲೆ ಪಕ್ಕದ ಗದ್ದೆ, ಮೂರು ಆನೆ, ಕೆರೆ ಕಡೆಗೆ' ಅಂತ ಬರೆದರೆ ತಡವಾಗಿ ಬಂದರೂ ಉಪಯೋಗಕ್ಕೆ ಬರುತ್ತೆ. ಕೂಲಿಯವರನ್ನು ಬಿಡೋಕೆ ಜೀಪು ಹೊರಟರೆ ಲೈವ್ ಲೊಕೇಶನ್ ಹಾಕಬಹುದು. ಅದರಲ್ಲಿ 15 ನಿಮಿಷ, 1 ಗಂಟೆ, 8 ಗಂಟೆ ಅಂತ ಮೂರು ಅವಧಿ ಇವೆ. ಘಟ್ಟದ ದಾರಿಗಾದರೆ 8 ಗಂಟೆಯದ್ದೇ ಆರಿಸಿ.

ಇನ್ನು ಸುದ್ದಿ. 2018ರ ಜುಲೈನಿಂದ ಭಾರತದಲ್ಲಿ ಒಂದು ಮೆಸೇಜನ್ನು ಒಂದು ಸಲಕ್ಕೆ ಐದೇ ಚಾಟಿಗೆ ಫಾರ್ವರ್ಡ್ ಮಾಡಬಹುದು. ಹಲವು ಕೈ ದಾಟಿ ಬಂದದ್ದಕ್ಕೆ ಜೋಡಿ ಬಾಣದ ಗುರುತು ಇರುತ್ತೆ, 2020ರ ಏಪ್ರಿಲ್‌ನಿಂದ ಅಂಥದ್ದನ್ನು ಒಂದು ಸಲಕ್ಕೆ ಒಂದೇ ಚಾಟಿಗೆ ಕಳಿಸಲು ಸಾಧ್ಯ. ಒಳ್ಳೆಯ ತಡೆ ಇದು. ಆದರೆ ಫೋಟೊವನ್ನು ಗ್ಯಾಲರಿಯಿಂದ ಮತ್ತೆ ಹಾಕಿದರೆ ಬಾಣ ಮಾಯವಾಗುತ್ತೆ, ಹಳೆಯ ಸುದ್ದಿ ಹೊಸದರಂತೆ ಕಾಣುತ್ತೆ. ಮಳೆಗಾಲದಲ್ಲಿ ಪ್ರತಿ ವರ್ಷ ಬರುವ ಹಳಸಲು ಮೂರು. ಒಂದು, ಶಾಲೆ ರಜೆಯ ಆದೇಶ: ಜಿಲ್ಲಾಧಿಕಾರಿ ಸಹಿಯ ಪಕ್ಕದ ತಾರೀಕು ನೋಡಿ, ಆಮೇಲೆ ಯಾವ ತಾಲ್ಲೂಕಿಗೆ ಅಂತ ನೋಡಿ. ಮೂಡಿಗೆರೆ, ಕೊಪ್ಪ, ಶೃಂಗೇರಿಗೆ ರಜೆ ಇದ್ದ ದಿನ ಕಡೂರು, ತರೀಕೆರೆಗೆ ಇರಬೇಕೆಂದಿಲ್ಲ. ಎರಡು, 2019ರ ಆಗಸ್ಟಿನ ಚಾರ್ಮಾಡಿ ಗುಡ್ಡ ಕುಸಿತದ ಫೋಟೊ. ಅದು ಬಂದರೆ ಕೊಟ್ಟಿಗೆಹಾರದಲ್ಲಿರುವ ಯಾರಿಗಾದರೂ ಒಂದು ಕರೆ ಮಾಡಿ ಕೇಳುವುದೇ ಸರಿ. ಮೂರು, ಗೊರೂರು ಡ್ಯಾಮ್ ತುಂಬಿ ಗೇಟ್ ತೆಗೆದ ವಿಡಿಯೊ. ಗೊರೂರಿನ ಈ ಹೇಮಾವತಿ ಅಣೆಕಟ್ಟಿನ ಗರಿಷ್ಠ ಮಟ್ಟ 2922 ಅಡಿ. ಹಾಕಿದವರನ್ನು ಇವತ್ತಿನ ಮಟ್ಟ ಎಷ್ಟು ಅಡಿ ಅಂತ ಕೇಳಿ. ಹೇಳೋಕೆ ಆಗದಿದ್ದರೆ ಅಡ್ಮಿನ್ ಅದನ್ನು ಎಲ್ಲರಿಗೂ ಅಳಿಸಿಬಿಡಬಹುದು.

ಹಾಕಿದವರೇ ತಿದ್ದಬೇಕಾದರೆ 15 ನಿಮಿಷದ ಒಳಗೆ ತಿದ್ದಬೇಕು, ಎಲ್ಲರಿಗೂ ಅಳಿಸೋಕೆ ಎರಡು ದಿನಕ್ಕಿಂತ ಸ್ವಲ್ಪ ಹೆಚ್ಚು ಸಮಯ ಇದೆ. ಪತ್ರಿಕೆಯ ಪೂರ್ತಿ ಪಿಡಿಎಫ್ ಹಾಕುವುದನ್ನು ಬಿಟ್ಟುಬಿಡಿ. ಅದು ಕಾಪಿರೈಟ್ ಉಲ್ಲಂಘನೆ, ಜೊತೆಗೆ ಹತ್ತಿಪ್ಪತ್ತು ಎಂಬಿ ಭಾರ.

ಹಾಡಿನ ವಿಷಯಕ್ಕೆ ಬಂದರೆ ಮಾತು ಉದ್ದವಾಗುತ್ತೆ. ಕರ್ನಾಟಕ ಸಂಗೀತದ ಗಾಯಕ ಆರ್.ಕೆ. ಶ್ರೀಕಂಠನ್ ಅವರ ಊರು ರುದ್ರಪಟ್ಟಣ ನಮ್ಮ ಅರಕಲಗೂಡು ತಾಲ್ಲೂಕಿನದೇ. ಹಾಗಾಗಿ ಈ ಸೀಮೆಯ ಗುಂಪುಗಳಲ್ಲಿ ಶ್ರುತಿ, ಸಂಗತಿ ಅಂತ ಕೂದಲು ಸೀಳುವವರಿಗೆ ಬರವಿಲ್ಲ. ಅವರಿಗೆ ವಾಟ್ಸ್‌ಆ್ಯಪ್ ಸಾಲುವುದಿಲ್ಲ. ಮೈಕ್ ಒತ್ತಿ ಹಾಡಿ ಕಳಿಸಿದರೆ ಅದು ಮಾತಿಗಾಗಿ ಹಿಂಡಿದ ಧ್ವನಿ. ತಂಬೂರಿಯ ನಾದ ಅಲೆಯಲೆಯಾಗಿ ಕಡಿದು ಕೇಳುತ್ತೆ, ಮೇಲಿನ ಷಡ್ಜ ತಗಡಿನಂತಾಗುತ್ತೆ. ಮಗು ಹಾಡಿದ್ದನ್ನು ಮೇಷ್ಟ್ರಿಗೆ ಕಳಿಸಬೇಕಾದರೆ ಹೀಗೆ ಮಾಡಿ: ಫೋನಿನ ರೆಕಾರ್ಡರ್ ತೆಗೆದು, ಗುಣಮಟ್ಟ ಹೆಚ್ಚಿನದಕ್ಕೆ ಇಟ್ಟು, ಫೋನನ್ನು ಬಾಯಿಂದ ಎರಡು ಅಡಿ ದೂರ, ತಂಬೂರಿ ಪೆಟ್ಟಿಗೆಯನ್ನು ಫೋನಿನಿಂದ ಇನ್ನೂ ದೂರ ಇಡಿ. ಹೆಂಚಿನ ಮನೆಯಾದರೆ ಮಳೆ ನಿಂತ ಮೇಲೆ ಕೂರಿ, ಆ ಸದ್ದನ್ನು ಆಮೇಲೆ ತೆಗೆಯೋಕೆ ಬರಲ್ಲ. ಆದ ಫೈಲನ್ನು ಪೇಪರ್ ಕ್ಲಿಪ್ ಗುರುತಿನಿಂದ 'ಡಾಕ್ಯುಮೆಂಟ್' ಅಂತ ಕಳಿಸಿ, ಆಗ ಇದ್ದದ್ದು ಇದ್ದಂತೆ ಹೋಗುತ್ತೆ. 128 ಕೆಬಿಪಿಎಸ್‌ನ ಎಂಪಿ3 ಆದರೆ ನಿಮಿಷಕ್ಕೆ ಒಂದು ಎಂಬಿ ಲೆಕ್ಕ ಇಟ್ಟುಕೊಳ್ಳಿ.

ಬರೀ ಲಿಂಕ್ ಎಸೆಯುವುದು ಎರಡನೇ ಕಾಟ. ಸಿಗ್ನಲ್ ಇಲ್ಲದವರಿಗೆ ಅದು ಖಾಲಿ ಚೌಕ. ಕೆಳಗೆ 'ಕಲ್ಯಾಣಿ, ಆದಿ ತಾಳ, 14 ನಿಮಿಷ, ಸ್ವರ ಪ್ರಸ್ತಾರ 9ನೇ ನಿಮಿಷದಿಂದ' ಅಂತ ಒಂದು ಸಾಲಿದ್ದರೆ ಯಾರಿಗೆ ಬೇಕೋ ಅವರು ಪೇಟೆಗೆ ಹೋದಾಗ ಕೇಳುತ್ತಾರೆ.

ಅಸಲಿ ತೊಂದರೆ ಆರು ತಿಂಗಳ ಮೇಲೆ ಹುಡುಕುವಾಗ. ಹಳೆಯ ಆಡಿಯೊ ಇಳಿಸಿಕೊಂಡಿರದಿದ್ದರೆ ಸರ್ವರಿನಲ್ಲೂ ಸಿಗುವುದಿಲ್ಲ, ಹಾಕಿದವರನ್ನೇ ಮತ್ತೆ ಕೇಳಬೇಕು. ಹೊಸದಾಗಿ ಸೇರಿದವರಿಗೆ ಹಳೆಯದು ತಾನಾಗಿ ಕಾಣುವುದೂ ಇಲ್ಲ. ಹುಡುಕುವ ಜಾಗದಲ್ಲಿ 'ಭೈರವಿ' ಅಂತ ಕನ್ನಡದಲ್ಲಿ ಟೈಪ್ ಮಾಡಿದರೆ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಭೈರವಿ ಸಿಕ್ಕುವುದಿಲ್ಲ. ಅರ್ಧ ಗುಂಪು ಕನ್ನಡದಲ್ಲಿ, ಅರ್ಧ ಕಂಗ್ಲಿಷಿನಲ್ಲಿ ಬರೆದರೆ ಎರಡೆರಡು ಸಲ ಹುಡುಕಬೇಕು. ಇದಕ್ಕಾಗಿಯೇ ಹಾಡುಗಳು ಟೆಲಿಗ್ರಾಂಗೆ ಹೋದವು. ಅಲ್ಲಿ ಫೈಲು ಅವರ ಸರ್ವರಿನಲ್ಲೇ ಉಳಿಯುತ್ತೆ, 2 ಜಿಬಿ ತನಕದ ಕಡತ ಹಾಕಬಹುದು, ಹೊಸಬರಿಗೂ ಹಳೆಯದನ್ನು ತೋರಿಸುವಂತೆ ಇಡಬಹುದು. ಬೆಲೆ ಏನೆಂದರೆ, ಟೆಲಿಗ್ರಾಂ ಗುಂಪಿನ ಮಾತಿಗೆ ವಾಟ್ಸ್‌ಆ್ಯಪ್‌ನಲ್ಲಿರುವ ಎಂಡ್-ಟು-ಎಂಡ್ ಗೂಢಲಿಪಿ (ಕಳಿಸಿದವರು, ಪಡೆದವರು ಬಿಟ್ಟು ಬೇರಾರೂ ಓದಲಾಗದ ಬೀಗ) ಇಲ್ಲ. ಹಾಡಿಗೆ ಅದು ಬೇಕಾಗಿಲ್ಲ. ಮನೆ ವಿಷಯ, ದುಡ್ಡಿನ ವಿಷಯ ಅಲ್ಲಿ ಬೇಡ.

ಅಡ್ಮಿನ್ ಕೆಲಸ ಹೆಚ್ಚೇನಿಲ್ಲ. ಸೇರುವವರಿಗೆ ಅಡ್ಮಿನ್ ಒಪ್ಪಿಗೆ ಬೇಕು ಅನ್ನುವುದನ್ನು ಆನ್ ಮಾಡಿ. ಮದುವೆ ಕಾರ್ಡು, ವಾಹನದ ದಂಡ ಅಂತ ಬರುವ ಎಪಿಕೆ ಫೈಲನ್ನು ಕಂಡ ತಕ್ಷಣ ಅಳಿಸಿ. ಕರೆಯೋಲೆ ಯಾವತ್ತೂ ಎಪಿಕೆ ಆಗಿರಲ್ಲ, ಅದು ಫೋನಿಗೆ ಆ್ಯಪ್ ತುಂಬಿಸುವ ಫೈಲು. ಯಾರಾದರೂ ಒತ್ತಿ ದುಡ್ಡು ಕಳಕೊಂಡರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಲಿ, ಬ್ಯಾಂಕಿಗೂ ತಿಳಿಸಲಿ. ಪ್ರತಿಯೊಬ್ಬರೂ ಅಕೌಂಟ್ ಸೆಟ್ಟಿಂಗಿನಲ್ಲಿ ಆರಂಕಿಯ ಎರಡು ಹಂತದ ಪಿನ್ ಹಾಕಿಕೊಳ್ಳಬೇಕು.

ಫೋನ್ ತುಂಬಿತು ಅನ್ನುವ ದೂರಿಗೆ ಮದ್ದು ಮ್ಯಾನೇಜ್ ಸ್ಟೋರೇಜ್‌ನಲ್ಲಿದೆ. 5 ಎಂಬಿಗಿಂತ ದೊಡ್ಡವು, ಹಲವು ಸಲ ಫಾರ್ವರ್ಡ್ ಆದವು ಅಂತ ಎರಡು ಗಂಟು ಕಟ್ಟಿ ಇಟ್ಟಿರುತ್ತೆ. ಎರಡನೆಯದನ್ನು ಕಣ್ಣುಮುಚ್ಚಿ ಅಳಿಸಿ. ಮೊದಲನೆಯದರಲ್ಲಿ ಮಗುವಿನ ಹಾಡು ಇರಬಹುದು, ಒಂದೊಂದೇ ತೆಗೆದು ನೋಡಿ.

ಹೊಸ ಫೋನ್ ತಗೊಳ್ಳುವವರು ಮೊದಲು ಬ್ಯಾಕಪ್ ಮಾಡಲಿ. ಆಂಡ್ರಾಯ್ಡ್‌ನಲ್ಲಿ ಅದು ಗೂಗಲ್ ಖಾತೆಯ ಉಚಿತ 15 ಜಿಬಿ ಒಳಗೇ ಸೇರುತ್ತೆ. ಜಾಗ ಸಾಲದಿದ್ದರೆ ವಿಡಿಯೊ ಬಿಟ್ಟು ಉಳಿದದ್ದನ್ನು ಬ್ಯಾಕಪ್ ಮಾಡುವ ಆಯ್ಕೆ ಇದೆ. ಹಾಸನಕ್ಕೋ ಚಿಕ್ಕಮಗಳೂರಿಗೋ ಹೋದಾಗ ಒಳ್ಳೆ ವೈಫೈ ಇರುವಲ್ಲಿ ಮಾಡಿಸಿ, ಅರ್ಧಕ್ಕೆ ನಿಂತ ಬ್ಯಾಕಪ್ ಬ್ಯಾಕಪ್ ಅಲ್ಲ. ಹೊಸ ಫೋನಿನಲ್ಲಿ ಗುಂಪು ತೆರೆದು, ಹಳೆಯ ಧ್ವನಿ ಒಂದೆರಡನ್ನು ಕೇಳಿ ನೋಡಿ, ಆಮೇಲೆ ಹಳೇ ಫೋನನ್ನು ಖಾಲಿ ಮಾಡಿ.