ಅತಿಯಾಗಿ ಬಿಸಿಯಾಗುವ ಔಟ್‌ಬೋರ್ಡ್ ಎಂಜಿನ್: ಇಂಪೆಲರ್, ಥರ್ಮೋಸ್ಟಾಟ್, ವಿನೆಗರ್, ಕೊನೆಗೆ ಹೆಡ್

ಗಂಗೊಳ್ಳಿ ಅಳಿವೆ ದಾಟಿ ಹೋಗುವ ನಮ್ಮ ನಾಡದೋಣಿಯ ಹಿಂಬದಿಗೆ ಸಿಕ್ಕಿಸಿದ್ದು 9.9 ಎಚ್‌ಪಿಯ ಟೂ-ಸ್ಟ್ರೋಕ್ ಎಂಜಿನ್. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುವಂಥದ್ದು. ಜೂನ್ 1ರಿಂದ ಜುಲೈ 31ರವರೆಗೆ ದೊಡ್ಡ ಬೋಟುಗಳಿಗೆ ರಜೆ, ನಮಗೆ ಅದೇ ದುಡಿಮೆಯ ಕಾಲ. ಹೋದ ಮಳೆಗಾಲ ಸರಿಯಾಗಿ ಆಗಲೇ ಎಂಜಿನ್ ಕಾಯತೊಡಗಿತು. ಹತ್ತು ನಿಮಿಷ ಜೋರಾಗಿ ಓಡಿಸಿದರೆ ಎಳೆತ ಕುಗ್ಗುತ್ತಿತ್ತು. ಹೆಡ್ (ಸಿಲಿಂಡರಿನ ಮುಚ್ಚಳ) ಮೇಲೆ ನೀರು ಚಿಮುಕಿಸಿದರೆ ದೋಸೆ ಕಾವಲಿಯ ಹಾಗೆ ಚುಂಯ್ ಎನ್ನುತ್ತಿತ್ತು. ಪಕ್ಕದ ತೂತಿನಿಂದ ಚಿಮ್ಮುವ ನೀರು ನೂಲಿನಷ್ಟು ತೆಳ್ಳಗೆ.

ಮೊದಲು ಇಂಪೆಲರ್, ಅಂದರೆ ಎಂಜಿನ್ ತಣಿಸಲು ಕಡಲ ನೀರು ಮೇಲೆತ್ತುವ ಪಂಪಿನ ರಬ್ಬರ್ ಚಕ್ರ, ಬದಲಿಸಿದೆ. ಗೇರಿನ ಸರಳು ಬಿಡಿಸಿ, ಬೋಲ್ಟ್ ತೆಗೆದು ಕೆಳಗಿನ ಭಾಗ ಇಳಿಸಿದರೆ ನೀರಿನ ಪಂಪ್ ಕಾಣುತ್ತದೆ. ಒಳಗಿನ ಆರು ರಬ್ಬರ್ ರೆಕ್ಕೆಗಳಲ್ಲಿ ಐದು ಒಂದೇ ಕಡೆ ಬಾಗಿ ಗಟ್ಟಿಯಾಗಿದ್ದವು. ಆರನೆಯದರ ತುದಿಯೇ ಇರಲಿಲ್ಲ. ಹೊಸದಕ್ಕೆ ಸೋಪು ನೀರು ಸವರಿ, ಶಾಫ್ಟ್ ತಿರುಗುವ ದಿಕ್ಕಿಗೇ ತಿರುಗಿಸುತ್ತ ಕೂರಿಸಿದೆ. ನೀರು ಮೊಳದುದ್ದ ಚಿಮ್ಮಿತು. ನಾನೂ ನಂಬಿಬಿಟ್ಟೆ. ಆದರೆ ಕಡಲಿನಲ್ಲಿ ಇಪ್ಪತ್ತು ನಿಮಿಷ ಕಳೆದ ಮೇಲೆ ಮತ್ತೆ ಅದೇ ಕಾವು. ತೂತಿನಿಂದ ನೀರು ಬಂತೆಂದರೆ ಪಂಪ್ ಸರಿ ಇದೆ ಎಂದಷ್ಟೇ ಅರ್ಥ. ಹೆಡ್ಡಿನ ಒಳಗೆಲ್ಲ ನೀರು ಸುತ್ತುತ್ತಿದೆ ಎಂದಲ್ಲ.

ಆಗ ಪಕ್ಕದ ದೋಣಿಯವರು, "ಆ ಥರ್ಮೋಸ್ಟಾಟ್ ತೆಗ್ದ್ ಬಿಸಾಡ್ ಮಾರಾಯ, ಎಂತದೂ ಆತಿಲ್ಲೆ" ಎಂದರು. ಎಂಜಿನ್ ಬಿಸಿಯಾದಾಗ ಮಾತ್ರ ನೀರಿಗೆ ದಾರಿ ಬಿಡುವ ಕವಾಟ ಅದು. ತೆಗೆದೆ. ಮೊದಲ ದಿನ ಹೆಡ್ ಮೇಲೆ ಕೈ ಇಡುವಷ್ಟು ತಣ್ಣಗಿತ್ತು. ಇದಕ್ಕಿಂತ ಸುಲಭದ ದಾರಿಯೇ ಇಲ್ಲ ಅನ್ನಿಸಿತು. ವಾರದೊಳಗೆ ಅದರ ಬೆಲೆ ಗೊತ್ತಾಯಿತು. ಸೀಮೆಎಣ್ಣೆ ಪೆಟ್ರೋಲಿನ ಹಾಗಲ್ಲ, ಆವಿಯಾಗಲು ಅದಕ್ಕೆ ಎಂಜಿನ್ನಿನ ಬಿಸಿ ಬೇಕು. ತಣ್ಣನೆಯ ಎಂಜಿನ್ನಿನಲ್ಲಿ ಅದು ಪೂರ್ತಿ ಉರಿಯದೆ ಹೊಗೆ ಕಾರಿತು. ಎರಡೂ ಪ್ಲಗ್ ಕಪ್ಪಾಗಿ, ಒದ್ದೆಯಾಗಿ ಬಂದವು. ಎಣ್ಣೆಯೂ ಹೆಚ್ಚು ಕುಡಿಯಿತು. ಬಲೆ ಎಳೆಯಲು ನಿಧಾನ ಮಾಡಿದರೆ ನಿಂತೇ ಹೋಗುತ್ತಿತ್ತು. ಒಂದು ದಿನ ಅಳಿವೆಯ ಬಾಯಲ್ಲಿ, ಅಲೆ ಒಡೆಯುವ ಜಾಗದಲ್ಲೇ ನಿಂತಿತು. ದೋಣಿಯಲ್ಲಿ ನನ್ನ ತಮ್ಮನೂ ಇದ್ದ. ಹುಟ್ಟು ಹಾಕಿ ಹೇಗೋ ದಡ ಸೇರಿದೆವು. ಸೀಮೆಎಣ್ಣೆ ಎಂಜಿನ್ ಇರುವವರು ಯಾರೂ ಈ ಕೆಲಸ ಮಾಡಬೇಡಿ ಎಂದು ಕೈಮುಗಿದು ಹೇಳುತ್ತೇನೆ. ಅಷ್ಟಕ್ಕೂ ತೆಗೆದಿಟ್ಟಿದ್ದ ಥರ್ಮೋಸ್ಟಾಟನ್ನು ಪಾತ್ರೆಯ ನೀರಿನಲ್ಲಿ ಕಾಯಿಸಿ ನೋಡಿದರೆ ಅದು ಚೆನ್ನಾಗಿಯೇ ಬಾಯಿ ತೆರೆಯಿತು. ತಪ್ಪು ಅದರದ್ದಲ್ಲ. ಅದನ್ನೇ ತೊಳೆದು ವಾಪಸ್ ಹಾಕಿದೆ.

ಮೂರನೆಯದು ವಿನೆಗರ್, ನೀರಿನ ದಾರಿಯಲ್ಲಿ ಕಟ್ಟಿರಬಹುದಾದ ಉಪ್ಪನ್ನು ಕರಗಿಸಲು. ಡ್ರಮ್ಮಿನಲ್ಲಿ ನೆನೆಸಿಟ್ಟರೆ ಪ್ರಯೋಜನವಿಲ್ಲ, ಎಂಜಿನ್ ನಿಲ್ಲಿಸಿದ ಕೂಡಲೇ ಒಳಗಿನ ನೀರು ಕೆಳಗಿಳಿದು ಹೋಗುತ್ತದೆ. ಸಣ್ಣ ಪಂಪ್ ಇಟ್ಟು ಎರಡು ತಾಸು ಸುತ್ತಿಸಿದೆ. ನೀರು ಹಾಲಿನ ಹಾಗಾಯಿತು, ಕಾವು ಸ್ವಲ್ಪ ಇಳಿಯಿತು, ಪೂರ್ತಿ ಹೋಗಲಿಲ್ಲ. ಬಾತ್‌ರೂಮ್ ತೊಳೆಯುವ ಆಸಿಡ್ ಹಾಕಿ ಎಂದವರೂ ಇದ್ದಾರೆ. ಅದು ಉಪ್ಪಿನ ಜೊತೆ ಅಲ್ಯೂಮಿನಿಯಂ ಅನ್ನೂ ತಿನ್ನುತ್ತದೆ, ಹತ್ತಿರವೂ ತರಬೇಡಿ.

ಕೊನೆಗೆ ಹೆಡ್ಡನ್ನೇ ಬಿಚ್ಚಿದೆ. ಬೋಲ್ಟುಗಳು ಉಪ್ಪು ಹಿಡಿದು ಕೂತಿದ್ದವು. ಹಿಂದಿನ ದಿನವೇ ಎಣ್ಣೆ ಬಿಟ್ಟಿದ್ದರಿಂದ ಒಂದೂ ಮುರಿಯಲಿಲ್ಲ. ನೀರಿನ ದಾರಿಯಲ್ಲಿ ಉಪ್ಪು ಸುಣ್ಣದ ಗೋಡೆಯ ಹಾಗೆ ಕಟ್ಟಿತ್ತು. ಬಿದಿರಿನ ಕಡ್ಡಿಯಲ್ಲಿ ಕೆರೆಯುತ್ತಾ ಹೋದಾಗ ಕಿರುಬೆರಳಿನ ಉಗುರಿನಷ್ಟು ಕಪ್ಪು ಚೂರೊಂದು ಹೊರಬಂತು. ಆ ಆರನೆಯ ರೆಕ್ಕೆಯ ತುದಿ! ಇಂಪೆಲರ್ ಬದಲಿಸಿದ ದಿನವೇ ಅದನ್ನು ಹುಡುಕಿದ್ದರೆ ಒಂದು ತಿಂಗಳ ದುಡಿಮೆ ಉಳಿಯುತ್ತಿತ್ತು. ಹೊಸ ಗ್ಯಾಸ್ಕೆಟ್ ಹಾಕಿ, ನಡುವಿನ ಬೋಲ್ಟಿನಿಂದ ಹೊರಗಿನದರ ಕಡೆಗೆ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿದೆ. ಮರುದಿನ ಒಂದು ತಾಸು ಜೋರಾಗಿ ಓಡಿಸಿದರೂ ಹೆಡ್ ಮೇಲೆ ಬಿದ್ದ ನೀರು ಸದ್ದಿಲ್ಲದೆ ಹರಿದುಹೋಯಿತು.

ಹಾಗಾಗಿ ನನ್ನ ಲೆಕ್ಕದಲ್ಲಿ ಮೊದಲು ಇಂಪೆಲರ್, ಅದರಲ್ಲಿ ಚೂರು ಕಾಣೆಯಾಗಿದ್ದರೆ ನೇರ ಹೆಡ್. ವಿನೆಗರ್ ವರ್ಷಕ್ಕೊಮ್ಮೆ ತೊಳೆಯಲು ಸಾಕು. ಈಗ ದಡಕ್ಕೆ ಬಂದ ಮೇಲೆ ಬಾವಿ ನೀರಿನ ಡ್ರಮ್ಮಿನಲ್ಲಿ ಹತ್ತು ನಿಮಿಷ ಎಂಜಿನ್ ಓಡಿಸುತ್ತೇನೆ. ನೀರು ಪಂಪಿಗಿಂತ ಮೇಲೆ ಬಂದಿದೆಯೇ ಎಂದು ತಮ್ಮ ನೋಡಿ ಹೇಳಿದ ಮೇಲೆಯೇ ಹಗ್ಗ ಎಳೆಯುವುದು. ಒಣಗಿಯೇ ತಿರುಗಿದರೆ ಹೊಸ ಇಂಪೆಲರ್ ಕೂಡ ನೋಡನೋಡುತ್ತಿದ್ದಂತೆ ಸುಟ್ಟುಹೋಗುತ್ತದೆ.