ಫಾರ್ಗೋ ಚಳಿಯಲ್ಲಿ ಪ್ರಿಯಸ್: ಬ್ಲಾಕ್ ಹೀಟರಿನೊಂದಿಗೆ ಎರಡು ಚಳಿಗಾಲ

ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿರುವುದು ಹೆಬ್ಬೆರಳಿಗಿಂತ ಸ್ವಲ್ಪ ಉದ್ದದ ಒಂದು ಲೋಹದ ಕಡ್ಡಿ, ಮತ್ತು ಅದರಿಂದ ಹೊರಟು ಬಂಪರಿನ ಜಾಲರಿಯಲ್ಲಿ ತಲೆ ಹಾಕುವ ಒಂದು ವೈರು. ಟೊಯೊಟಾ ಪ್ರಿಯಸ್‌ನ ಎರಡನೆಯ ತಲೆಮಾರಿನ ಕಾರಿಗೆ, ಅಂದರೆ 2004ರಿಂದ 2009ರವರೆಗಿನ ಮಾದರಿಗಳಿಗೆ, ಸಿಗುವ 400 ವ್ಯಾಟಿನ ಬ್ಲಾಕ್ ಹೀಟರ್ ಇದು; ಎಂಜಿನ್ನಿನ ಲೋಹದ ಒಡಲನ್ನು, ಅಂದರೆ ಬ್ಲಾಕನ್ನು, ಹೊರಡುವ ಮುನ್ನ ವಿದ್ಯುತ್ತಿನಿಂದ ಬಿಸಿ ಮಾಡುವ ಸಾಧನ. ನನ್ನದು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ 2008ರ ಗಾಡಿ. ಇರುವುದು ಅಮೆರಿಕದ ನಾರ್ತ್ ಡಕೋಟಾ ರಾಜ್ಯದ ಫಾರ್ಗೋದಲ್ಲಿ. ಜನವರಿಯ ರಾತ್ರಿ ಮೈನಸ್ 18 ಡಿಗ್ರಿ ಸೆಲ್ಸಿಯಸ್ ಎಂದರೆ ಇಲ್ಲಿ ಯಾರೂ ಮಾತಿಗೂ ಎತ್ತಿಕೊಳ್ಳುವುದಿಲ್ಲ. ಮಡಿಕೇರಿಯ ಚಳಿಗೆ ಸ್ವೆಟರ್ ಹುಡುಕುತ್ತಿದ್ದವನಿಗೆ, ಕಾರಿಗೂ ರಾತ್ರಿ ಪ್ಲಗ್ ಹಾಕಬೇಕೆಂಬ ಸಂಗತಿ ಮೊದಮೊದಲು ತಮಾಷೆಯಾಗಿಯೇ ಕಂಡಿತ್ತು. ಎಂಜಿನ್ ಬಿಸಿ ಮಾಡುವ ಈ ಉಪಕರಣಕ್ಕೆ 1949ರಲ್ಲಿ ಪೇಟೆಂಟ್ ಪಡೆದ ಆಂಡ್ರ್ಯೂ ಫ್ರೀಮನ್ ಇಲ್ಲಿಂದ ಸುಮಾರು 130 ಕಿಲೋಮೀಟರ್ ಉತ್ತರದ ಗ್ರ್ಯಾಂಡ್ ಫೋರ್ಕ್ಸ್ ಊರಿನವರು ಎಂದು ತಿಳಿದ ಮೇಲೆ ಆ ತಮಾಷೆಯ ಭಾವನೆ ಇಳಿಯಿತು.

ಚಳಿ ಎಲ್ಲ ಕಾರುಗಳ ಮೈಲೇಜನ್ನೂ ತಿನ್ನುತ್ತದೆ, ಆದರೆ ಪ್ರಿಯಸ್‌ನಂತೆ ಪೆಟ್ರೋಲ್ ಎಂಜಿನ್ನೂ ಬ್ಯಾಟರಿ ಮೋಟಾರೂ ಎರಡೂ ಇರುವ ಹೈಬ್ರಿಡ್‌ನದನ್ನು ಹೆಚ್ಚು ತಿನ್ನುತ್ತದೆ. ಅಮೆರಿಕದ ಇಂಧನ ಇಲಾಖೆ ಹೇಳುವ ಪ್ರಕಾರ, 25 ಡಿಗ್ರಿಯ ದಿನಕ್ಕೆ ಹೋಲಿಸಿದರೆ ಮೈನಸ್ 7 ಡಿಗ್ರಿಯಲ್ಲಿ ಪೇಟೆಯೊಳಗಿನ ಓಡಾಟಕ್ಕೆ ಸಾಮಾನ್ಯ ಪೆಟ್ರೋಲ್ ಕಾರಿನ ಮೈಲೇಜ್ ಸುಮಾರು ಶೇ 15ರಷ್ಟು ಇಳಿದರೆ, ಹೈಬ್ರಿಡ್‌ನದು ಶೇ 30ರಿಂದ 34ರಷ್ಟು ಇಳಿಯುತ್ತದೆ. ಕಾರಣ ಸರಳ. ಸಿಗ್ನಲ್ಲಿನಲ್ಲಿ ನಿಂತಾಗ, ನಿಧಾನಕ್ಕೆ ಸಾಗುವಾಗ ಎಂಜಿನ್ನನ್ನು ಆರಿಸಿ ಬ್ಯಾಟರಿಯಲ್ಲಿ ಓಡುವುದೇ ಹೈಬ್ರಿಡ್ ಉಳಿಸುವ ದಾರಿ. ಎಂಜಿನ್ ತಣ್ಣಗಿರುವಷ್ಟು ಹೊತ್ತು ಗಾಡಿ ಆ ಕೆಲಸ ಮಾಡಲು ಒಪ್ಪುವುದಿಲ್ಲ. ನನ್ನ ಪ್ರಿಯಸ್‌ನಲ್ಲಿ ಕೂಲಂಟಿನ, ಅಂದರೆ ಎಂಜಿನ್ನಿನೊಳಗೆ ಹರಿಯುವ ದ್ರವದ, ಬಿಸಿ 70 ಡಿಗ್ರಿಯ ಹತ್ತಿರ ಬರುವವರೆಗೆ ಎಂಜಿನ್ ಸಿಗ್ನಲ್ಲಿನಲ್ಲೂ ಗುರುಗುಡುತ್ತಲೇ ಇರುತ್ತದೆ. ಸಾಲದ್ದಕ್ಕೆ, ಇಂಧನವನ್ನು ಮಿತವಾಗಿ ಬಳಸುವ ಎಂಜಿನ್ ಆದ್ದರಿಂದ ವ್ಯರ್ಥವಾಗುವ ಶಾಖವೂ ಕಡಿಮೆ, ಹಾಗಾಗಿ ಅದು ಕಾಯುವುದೂ ನಿಧಾನ.

ಹೀಟರಿನ ಗುಣದೋಷಕ್ಕಿಂತ ಮೊದಲು ಅದನ್ನು ಕೂರಿಸಿದ ಕತೆಯನ್ನು ಹೇಳಬೇಕು, ಏಕೆಂದರೆ ಈ ವಸ್ತುವಿನ ಅರ್ಧ ಗುಣ ಕೂರಿಸುವ ಕೈಯಲ್ಲಿದೆ. ಎಂಜಿನ್ ಬ್ಲಾಕಿನಲ್ಲಿ ಇದಕ್ಕೆಂದೇ ಒಂದು ಗುಳಿ ಬಿಟ್ಟಿದ್ದಾರೆ. ಕಡ್ಡಿ ಕೂಲಂಟಿನೊಳಗೆ ಇಳಿಯುವುದಿಲ್ಲ, ಗುಳಿಯ ಗೋಡೆಗೆ ಒತ್ತಿ ಕುಳಿತು ಲೋಹದಿಂದ ಲೋಹಕ್ಕೆ ಬಿಸಿ ದಾಟಿಸುತ್ತದೆ. ಆದ್ದರಿಂದ ಅದಕ್ಕೆ ಶಾಖ ಸಾಗಿಸುವ ಗ್ರೀಸನ್ನು ಧಾರಾಳವಾಗಿ ಸವರಬೇಕು, ಜಾರದಂತೆ ಹಿಡಿಯುವ ಕ್ಲಿಪ್ಪು ಸರಿಯಾಗಿ ಕಚ್ಚಿಕೊಳ್ಳಬೇಕು. ನಾನು ಕೊಟ್ಟ ವರ್ಕ್‌ಶಾಪಿನವರು ಇವೆರಡರಲ್ಲಿ ಯಾವುದನ್ನು ಮರೆತರೋ, ಮೂರನೆಯ ವಾರಕ್ಕೇ ಗಾಡಿ ಮೊದಲಿನಂತೆ ತಣ್ಣಗೆ ಏಳತೊಡಗಿತು. ವಿದ್ಯುತ್ ಅಳೆಯುವ ಪುಟ್ಟ ಮೀಟರನ್ನು ಪ್ಲಗ್ಗಿಗೆ ಹಾಕಿ ನೋಡಿದರೆ 400 ವ್ಯಾಟ್ ಹರಿಯುತ್ತಲೇ ಇದೆ. ಎಂಜಿನ್ ಮಾತ್ರ ಕಲ್ಲಿನಂತೆ ತಣ್ಣಗೆ. ಟಾರ್ಚ್ ಹಿಡಿದು ಬಗ್ಗಿ ನೋಡಿದಾಗ ಕಡ್ಡಿ ಗುಳಿಯಿಂದ ಜಾರಿ, ವೈರಿನ ಆಸರೆಯಲ್ಲಿ ನೇತಾಡುತ್ತ ಡಕೋಟಾದ ಗಾಳಿಯನ್ನು ಬಿಸಿ ಮಾಡುತ್ತಿತ್ತು. ಪಕ್ಕದಲ್ಲಿ ಪ್ಲಾಸ್ಟಿಕ್ ಇದ್ದಿದ್ದರೆ ಏನಾಗುತ್ತಿತ್ತೋ. ಎರಡನೆಯ ಸಲ ನಾನೇ ಎದುರಿಗೆ ನಿಂತು ಗ್ರೀಸ್ ಸವರಿಸಿದೆ, ಕ್ಲಿಪ್ಪನ್ನು ಎಳೆದು ನೋಡಿದೆ. ಅಂದಿನಿಂದ ತೊಂದರೆಯಾಗಿಲ್ಲ. ಕೈ ಹೋಗಲು ಜಾಗವೇ ಇಲ್ಲದ ಮೂಲೆಯಲ್ಲಿ ಅದನ್ನು ಕೂರಿಸಬೇಕಾದ್ದರಿಂದ ಮೆಕ್ಯಾನಿಕ್ಕಿನ ಬೇಸರ ನನಗೂ ಅರ್ಥವಾಗುತ್ತದೆ, ಆದರೂ ಎದುರಿಗೆ ನಿಲ್ಲುವುದೇ ಲೇಸು.

ಇನ್ನು ಲೆಕ್ಕ. ಮನೆಯಿಂದ ಕೆಲಸದ ಜಾಗಕ್ಕೆ ನಾಲ್ಕು ಮೈಲಿ, ಅಂದರೆ 6.4 ಕಿಲೋಮೀಟರ್. ಡ್ಯಾಶ್‌ಬೋರ್ಡಿನ ಕೆಳಗಿನ ಸಾಕೆಟ್ಟಿಗೆ ಸಿಕ್ಕಿಸುವ ಗೇಜಿನಲ್ಲಿ ಕೂಲಂಟಿನ ಅಂಕಿಯನ್ನೂ, ಗಾಡಿಯ ಪರದೆಯಲ್ಲಿ ಮೈಲೇಜನ್ನೂ ನೋಡಿ ಬರೆದಿಡುತ್ತ ಬಂದೆ. ಮೈನಸ್ 18ರ ಆಸುಪಾಸಿನ ಬೆಳಗುಗಳಲ್ಲಿ ಹೀಟರ್ ಇಲ್ಲದೆ ಹೊರಟರೆ ಲೀಟರಿಗೆ ಸುಮಾರು 12 ಕಿಲೋಮೀಟರ್, ಮತ್ತು ಕೆಲಸದ ಜಾಗ ಮುಟ್ಟುವಾಗಲೂ ಕೂಲಂಟ್ 70 ತಲುಪಿರುತ್ತಿರಲಿಲ್ಲ. ಒಂದೂವರೆ ಗಂಟೆ ಹೀಟರ್ ಹಾಕಿ ಹೊರಟರೆ ಸುಮಾರು 15 ಕಿಲೋಮೀಟರ್, ಅರ್ಧ ದಾರಿಯಲ್ಲೇ ಎಂಜಿನ್ ಮೊದಲ ಬಾರಿ ತಾನಾಗಿ ಆರುತ್ತಿತ್ತು. ಕಿವಿಗೆ ಬೀಳುವ ಆ ಮೌನ ಹಿತವಾದದ್ದು ಎಂದು ಒಪ್ಪಿಕೊಳ್ಳುತ್ತೇನೆ.

ಆದರೆ ಈ ಸುಧಾರಣೆಯನ್ನು ಹಣಕ್ಕೆ ಇಳಿಸಿ ನೋಡಿದಾಗ ಮುಖ ಸ್ವಲ್ಪ ಬಾಡುತ್ತದೆ. ಒಂದು ಬೆಳಗಿನ ಪಯಣದಲ್ಲಿ ಉಳಿಯುವುದು 100 ಮಿಲಿಲೀಟರ್‌ಗಿಂತ ತುಸು ಹೆಚ್ಚು ಪೆಟ್ರೋಲ್. ಗ್ಯಾಲನ್ನಿಗೆ ಮೂರು ಡಾಲರಿನ ದರದಲ್ಲಿ ಅದರ ಬೆಲೆ ಎಂಟು ಸೆಂಟ್. ಒಂದೂವರೆ ಗಂಟೆಗೆ ಹೀಟರ್ ತಿನ್ನುವುದು 0.6 ಯೂನಿಟ್, ಯೂನಿಟ್ಟಿಗೆ 12 ಸೆಂಟಿನಂತೆ ಏಳು ಸೆಂಟ್. ದಿನಕ್ಕೆ ಒಂದು ಸೆಂಟ್ ಲಾಭ. ಹೀಟರಿಗೂ ಕೂಲಿಗೂ ಸೇರಿ ನಾನು ಕೊಟ್ಟ 220 ಡಾಲರ್ ಈ ಗತಿಯಲ್ಲಿ ಮರಳಿ ಬರಲು 22,000 ಬೆಳಗುಗಳು ಬೇಕು. ಅಷ್ಟು ಹೊತ್ತಿಗೆ ಗಾಡಿಯೂ ಇರುವುದಿಲ್ಲ, ನಾನೂ ಇರುವುದಿಲ್ಲ. ರಾತ್ರಿ ಮಲಗುವಾಗ ಪ್ಲಗ್ ಹಾಕಿ ಬೆಳಿಗ್ಗೆ ತೆಗೆಯುವ ರೂಢಿಯವರು ಹತ್ತು ಗಂಟೆಗೆ ನಾಲ್ಕು ಯೂನಿಟ್ ಸುಟ್ಟು ಎಂಟು ಸೆಂಟಿನ ಪೆಟ್ರೋಲ್ ಉಳಿಸುತ್ತಾರೆ. ಬೆಳಗಿನ ಸ್ನಾನಕ್ಕೆ ರಾತ್ರಿಯಿಡೀ ಹಂಡೆಗೆ ಉರಿ ಹಾಕಿದ ಹಾಗೆ. ಸ್ವಲ್ಪ ಹೊತ್ತಾದ ಮೇಲೆ ಕಡ್ಡಿ ಕೊಡುವ ಬಿಸಿಯೆಲ್ಲ ಹೊರಗಿನ ಗಾಳಿಗೇ ಸೋರಿಹೋಗುತ್ತದೆ, ಎಂಜಿನ್ ಮತ್ತಷ್ಟು ಕಾಯುವುದಿಲ್ಲ. ಆದ್ದರಿಂದ ಹೊರಾಂಗಣಕ್ಕೆ ಒಗ್ಗುವ ಟೈಮರ್ ಕೊಳ್ಳದೆ ಈ ಹೀಟರನ್ನು ಕೊಳ್ಳಬೇಡಿ. ನಾನು ಎರಡೂವರೆ ಗಂಟೆಯನ್ನೂ ಪ್ರಯತ್ನಿಸಿ ನೋಡಿದೆ. ಖರ್ಚು 12 ಸೆಂಟಿಗೆ ಏರಿತು, ಮೈಲೇಜ್ ಹೇಳಿಕೊಳ್ಳುವಷ್ಟು ಏರಲಿಲ್ಲ.

ಹೀಟರಿನಿಂದ ಆಗದ ಕೆಲಸಗಳೂ ಇವೆ. ಹಿಂದಿನ ಸೀಟಿನ ಬಳಿ ಇರುವ 201.6 ವೋಲ್ಟಿನ ಬ್ಯಾಟರಿಗೆ ಇದರ ಬಿಸಿ ತಲುಪುವುದಿಲ್ಲ; ಚಳಿಗೆ ಮರಗಟ್ಟಿದ ಬ್ಯಾಟರಿ ಕೊಡುವುದಕ್ಕೂ ತೆಗೆದುಕೊಳ್ಳುವುದಕ್ಕೂ ಜಿಪುಣತನ ತೋರಿಸುತ್ತದೆ. ಕ್ಯಾಬಿನ್ನಿನ ಹೀಟರನ್ನು ಜೋರಾಗಿ ಹಾಕಿಕೊಂಡರೆ ಆ ಶಾಖವೂ ಎಂಜಿನ್ನಿನಿಂದಲೇ ಬರಬೇಕು, ಆಗ ಎಂಜಿನ್ ಮತ್ತೆ ಓಡಲೇಬೇಕು. ಐವತ್ತು ಕಿಲೋಮೀಟರ್ ದೂರ ಹೋಗುವವರಿಗೆ ಮೊದಲ ಹತ್ತು ನಿಮಿಷದ ಲಾಭ ಉಳಿದ ದಾರಿಯಲ್ಲಿ ಕರಗಿಹೋಗುತ್ತದೆ. ಅಂದಹಾಗೆ, ಈ ತಲೆಮಾರಿನ ಪ್ರಿಯಸ್‌ಗೆ ಅಮೆರಿಕದಲ್ಲಿ ಟೊಯೊಟಾದವರೇ ಒಂದು ಥರ್ಮಾಸ್ ಫ್ಲಾಸ್ಕ್ ಇಟ್ಟಿದ್ದರು. ಗಾಡಿ ನಿಲ್ಲಿಸಿದಾಗ ಸುಮಾರು ಮೂರು ಲೀಟರ್ ಬಿಸಿ ಕೂಲಂಟನ್ನು ಅದರಲ್ಲಿ ತುಂಬಿಟ್ಟು, ಮುಂದಿನ ಸಲ ಎಂಜಿನ್ ಶುರುವಾಗುವ ಮೊದಲು ವಾಪಸ್ ಕಳಿಸುವ ಏರ್ಪಾಡು. ಜಾಣತನದ ಕೆಲಸ; ಮೇಲಿನ ನನ್ನ ಎರಡೂ ಅಂಕಿಗಳು ಆ ಫ್ಲಾಸ್ಕ್ ಕೆಲಸ ಮಾಡುತ್ತಿದ್ದಾಗಿನವೇ. ಮುಂದಿನ ತಲೆಮಾರಿನಲ್ಲಿ ಅದನ್ನು ಕೈಬಿಟ್ಟು, ಹೊಗೆಕೊಳವೆಯ ಶಾಖವನ್ನು ಕೂಲಂಟಿಗೆ ತಿರುಗಿಸುವ ವ್ಯವಸ್ಥೆ ತಂದರು.

ಹಾಗಾದರೆ ಮತ್ತೆ ಕೊಳ್ಳುತ್ತೇನೆಯೇ? ಕೊಳ್ಳುತ್ತೇನೆ, ಆದರೆ ಹಣ ಉಳಿಯುತ್ತದೆಂದು ಅಲ್ಲ. ಗಾಜಿನ ಮೇಲಿನ ಮಂಜು ಎರಡನೆಯ ಸಿಗ್ನಲ್ ಬರುವಷ್ಟರಲ್ಲಿ ಕರಗುತ್ತದೆ, ಬೆರಳುಗಳು ಬೇಗ ಬದುಕುತ್ತವೆ, ಹೆಪ್ಪುಗಟ್ಟಿದ ಎಂಜಿನ್ ಎದ್ದಾಗ ಹೊರಡುವ ಆ ಕರಕರ ಸದ್ದು ಈಗ ಕೇಳುವುದಿಲ್ಲ. ಕೆಲಸ ದೂರವಿದ್ದರೆ, ಅಥವಾ ಗಾಡಿ ಮುಚ್ಚಿದ ಗ್ಯಾರೇಜಿನಲ್ಲಿ ನಿಲ್ಲುತ್ತಿದ್ದರೆ, ಇದರ ಗೊಡವೆ ಬೇಡ. ಮೊದಲು ಐದು ಡಾಲರಿನ ಫೋಮ್ ಕೊಳವೆ ತಂದು ಮುಂದಿನ ಜಾಲರಿಯ ಸಂದುಗಳನ್ನು ಮುಚ್ಚಿ ನೋಡಿ. ಅದು ಹೊಸ ಬಿಸಿ ಕೊಡದಿದ್ದರೂ ಇರುವ ಬಿಸಿಯನ್ನು ಗಾಳಿಗೆ ಬಿಟ್ಟುಕೊಡುವುದಿಲ್ಲ. ಬೇಸಿಗೆಗೆ ಮುನ್ನ ತೆಗೆಯಲು ಮಾತ್ರ ಮರೆಯಬಾರದು.

ಕೊನೆಯದಾಗಿ ವೈರಿನ ಮಾತು. ಹೀಟರ್ ಹಾಕಿದೆ ಎಂದು ಹೇಳುವ ದೀಪ ಡ್ಯಾಶ್‌ಬೋರ್ಡಿನಲ್ಲಿ ಎಲ್ಲೂ ಇಲ್ಲ. ಮೊದಲ ಚಳಿಗಾಲದಲ್ಲಿ ಒಮ್ಮೆ ಪ್ಲಗ್ ಕೀಳದೆಯೇ ಹೊರಟು, ದಪ್ಪ ಕಿತ್ತಳೆ ಬಣ್ಣದ ಎಕ್ಸ್‌ಟೆನ್ಷನ್ ವೈರನ್ನು ಬೀದಿಯ ತುದಿಯವರೆಗೂ ಬಾಲದಂತೆ ಎಳೆದುಕೊಂಡು ಹೋಗಿದ್ದೇನೆ. ಈಗ ಆ ವೈರನ್ನು ಡ್ರೈವರ್ ಬದಿಯ ಕನ್ನಡಿಗೆ ಒಂದು ಸುತ್ತು ಸುತ್ತಿಯೇ ಪ್ಲಗ್ಗಿಗೆ ಒಯ್ಯುತ್ತೇನೆ.