ಆನ್‌ಲೈನ್ ಬಿಎಸ್‌ಎನ್: ನಮ್ಮ ವೇಗದ ಕೋರ್ಸೋ, ವಾರದ ಗಡುವಿನ ಕೋರ್ಸೋ?

ಬೆಂಗಳೂರಿನಲ್ಲಿ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಓದಿ, ಎನ್‌ಕ್ಲೆಕ್ಸ್ ಎಂಬ ಅಲ್ಲಿನ ಲೈಸೆನ್ಸ್ ಪರೀಕ್ಷೆ ಪಾಸು ಮಾಡಿ ಅಮೆರಿಕದ ಆಸ್ಪತ್ರೆ ಸೇರಿದ ನರ್ಸ್‌ಗಳಲ್ಲಿ ಅನೇಕರು ಮುಂದೆ ಬಿಎಸ್‌ಎನ್, ಅಂದರೆ ಅಲ್ಲಿನ ನರ್ಸಿಂಗ್ ಪದವಿ, ಹುಡುಕಲು ಶುರುಮಾಡುತ್ತಾರೆ. ಆರ್‌ಎನ್‌ಗಳಿಗೆ, ಅಂದರೆ ಲೈಸೆನ್ಸ್ ಪಡೆದ ನರ್ಸ್‌ಗಳಿಗೆ, ಆನ್‌ಲೈನ್‌ನಲ್ಲಿ ಸಿಗುವ ಆರ್‌ಎನ್-ಟು-ಬಿಎಸ್‌ಎನ್ ಕೋರ್ಸ್‌ಗಳು ಎರಡು ಬಗೆ. ಒಂದರಲ್ಲಿ ವಾರದ ಗಡುವಿಲ್ಲ, ಕಲಿತದ್ದನ್ನು ತೋರಿಸಿಕೊಟ್ಟ ದಿನ ಕೋರ್ಸ್ ಮುಗಿಯುತ್ತದೆ. ಇನ್ನೊಂದರಲ್ಲಿ ವಾರವಾರ ಚರ್ಚೆ, ವಾರವಾರ ಅಸೈನ್‌ಮೆಂಟ್, ತಪ್ಪಿದರೆ ಅಂಕ ಖೋತಾ. ಒಂದರ ಅಭ್ಯಾಸ ಹಿಡಿದುಕೊಂಡು ಇನ್ನೊಂದಕ್ಕೆ ಹೋದವರೇ ಹೆಚ್ಚು ಒದ್ದಾಡುವುದು. ಆದ್ದರಿಂದ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದ್ದೇವೆ.

ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಿಂದ ನಾಲ್ಕು ವರ್ಷದ ಬಿಎಸ್‌ಸಿ ನರ್ಸಿಂಗ್ ಮುಗಿಸಿದವರಿಗೆ ಸಾಮಾನ್ಯವಾಗಿ ಇದರ ಅಗತ್ಯವೇ ಬೀಳುವುದಿಲ್ಲ. ವಿದೇಶಿ ನರ್ಸ್‌ಗಳ ಪದವಿ ಪರಿಶೀಲಿಸುವ ಸಿಜಿಎಫ್‌ಎನ್‌ಎಸ್ ಸಂಸ್ಥೆಯಿಂದ, ಅಂದರೆ ಈಗಿನ ಟ್ರೂಮೆರಿಟ್‌ನಿಂದ, ಪದವಿಯ ಮೌಲ್ಯಮಾಪನ ವರದಿ ತರಿಸಿ ಆಸ್ಪತ್ರೆಯ ಎಚ್‌ಆರ್‌ಗೆ ಕೊಟ್ಟು ನೋಡಿ. ಅವರು ಒಪ್ಪದಿದ್ದರೆ ಮಾತ್ರ ಫೀಸು ಕಟ್ಟುವ ಯೋಚನೆ ಮಾಡಿ.

ಗಡುವಿಲ್ಲದ ಕೋರ್ಸ್‌ಗಳಲ್ಲಿ ಹೆಚ್ಚು ಕೇಳಿಬರುವ ಹೆಸರು ವೆಸ್ಟರ್ನ್ ಗವರ್ನರ್ಸ್ ಯೂನಿವರ್ಸಿಟಿ, 1997ರಲ್ಲಿ ಅಲ್ಲಿನ 19 ಗವರ್ನರ್‌ಗಳು ಸೇರಿ ಕಟ್ಟಿದ್ದು. ಟರ್ಮ್ 6 ತಿಂಗಳು, ಫೀಸು ಟರ್ಮ್‌ಗೆ ಇಷ್ಟು ಅಂತ. ನಾಲ್ಕು ಕೋರ್ಸ್ ಮುಗಿಸಿದರೂ ಎಂಟು ಮುಗಿಸಿದರೂ ಕಟ್ಟುವುದು ಅಷ್ಟೇ. ಪದವಿ ಮಟ್ಟದಲ್ಲಿ ಟರ್ಮ್‌ಗೆ ಕನಿಷ್ಠ 12 ಯೂನಿಟ್ (ಕ್ರೆಡಿಟ್‌ನಂಥ ಅಳತೆ) ತೆಗೆದುಕೊಳ್ಳಬೇಕು. ಅವು ಮುಗಿದರೆ ಮುಂದಿನ ಟರ್ಮ್‌ನ ಕೋರ್ಸನ್ನು ಈಗಲೇ ಎಳೆದುಕೊಳ್ಳಬಹುದು. ಈ ಅನುಕೂಲದಲ್ಲೇ ಒಂದು ಗುಂಡಿಯೂ ಇದೆ. ಸೇರಿಸಿಕೊಂಡ ಕೋರ್ಸ್ ಟರ್ಮ್ ಮುಗಿಯುವುದರೊಳಗೆ ಮುಗಿಯದಿದ್ದರೆ ಅದು ಪಾಸಾಗದ ಲೆಕ್ಕಕ್ಕೆ ಹೋಗುತ್ತದೆ, ಮುಂದಿನ ಟರ್ಮ್‌ನಲ್ಲಿ ಮತ್ತೆ ತೆಗೆದುಕೊಳ್ಳಬೇಕು. ಬರೆದು ಕಳಿಸಿದ ಪೇಪರ್‌ನ ಮೌಲ್ಯಮಾಪನಕ್ಕೇ ಮೂರು ದಿನ ಹಿಡಿಯಬಹುದು, ವಾಪಸು ಬಂದರೆ ತಿದ್ದಲು ಎರಡು ದಿನ, ಮತ್ತೆ ಮೂರು ದಿನ. ಹಾಗಾಗಿ ಟರ್ಮ್‌ನ ಕೊನೆಯ ಮೂರು ವಾರಗಳಲ್ಲಿ ಹೊಸ ಕೋರ್ಸ್ ಎಳೆದುಕೊಳ್ಳಬೇಡಿ, ಮೆಂಟರ್ ಹುರಿದುಂಬಿಸಿದರೂ ಬೇಡ.

ಕಪೆಲ್ಲಾ ಯೂನಿವರ್ಸಿಟಿಯ ವಿಶೇಷ ಎಂದರೆ ಎರಡೂ ಬಗೆ ಒಂದೇ ಸೂರಿನಡಿ ಸಿಗುವುದು. ಫ್ಲೆಕ್ಸ್‌ಪಾತ್ ನಿಮ್ಮ ವೇಗದ್ದು, ಗೈಡೆಡ್‌ಪಾತ್ ವಾರದ ಗಡುವಿನದು. ಫ್ಲೆಕ್ಸ್‌ಪಾತ್‌ನಲ್ಲಿ ಫೀಸಿನ ಅವಧಿ 12 ವಾರ, ಒಂದು ಸಲಕ್ಕೆ ಎರಡು ಕೋರ್ಸ್‌ವರೆಗೆ ತೆರೆದಿಟ್ಟುಕೊಳ್ಳಬಹುದು. 11ನೇ ವಾರದಲ್ಲಿ ಹೊಸ ಕೋರ್ಸ್ ತೆರೆದು ಅದು 13ನೇ ವಾರಕ್ಕೆ ಜಾರಿದರೆ ಇನ್ನೊಂದು ಅವಧಿಯ ಫೀಸು ಪೂರ್ತಿ ಬೀಳುತ್ತದೆ. ಗಡುವಿಲ್ಲ ಅನ್ನುವ ಮಾತನ್ನು ನಂಬಿ ನಿಧಾನ ಮಾಡಿದವರಿಗೆ ಹಣದ ರೂಪದಲ್ಲಿ ಗಡುವು ಬಂದೇ ಬರುತ್ತದೆ.

ನಮ್ಮ ಜಿಎನ್‌ಎಂ ಹುಡುಗಿಯರು, ಹುಡುಗರು ಬೋರ್ಡ್ ಪರೀಕ್ಷೆಗೆ ಓದಿ ಬಂದವರು. ವರ್ಷವಿಡೀ ವಾರ್ಡ್ ಡ್ಯೂಟಿ, ಕೊನೆಗೆ ಒಂದು ತಿಂಗಳು ಗಟ್ಟಿಯಾಗಿ ಕೂತು ಓದು. ಈ ಪದ್ಧತಿ ಫ್ಲೆಕ್ಸ್‌ಪಾತ್‌ನಂಥದ್ದರಲ್ಲಿ ಕೈಕೊಡುತ್ತದೆ, ಏಕೆಂದರೆ ಅಲ್ಲಿ ಕೊನೆಯಲ್ಲಿ ಕಂಠಪಾಠ ಒಪ್ಪಿಸುವ ಪರೀಕ್ಷೆ ಇರುವುದಿಲ್ಲ. ಇರುವುದು ಪೇಪರ್‌ಗಳು, ಪ್ರತಿಯೊಂದಕ್ಕೂ ಒಂದು ರೂಬ್ರಿಕ್, ಅಂದರೆ ಮೌಲ್ಯಮಾಪನದ ಮಾನದಂಡಗಳ ಪಟ್ಟಿ. ನಾನ್-ಪರ್ಫಾರ್ಮೆನ್ಸ್, ಬೇಸಿಕ್, ಪ್ರೊಫಿಶಿಯೆಂಟ್, ಡಿಸ್ಟಿಂಗ್ವಿಶ್ಡ್ ಎಂಬ ನಾಲ್ಕು ಕಾಲಂ.

ಇನ್ಸುಲಿನ್ ಡೋಸ್ ತಪ್ಪಿದ ಪ್ರಸಂಗ ಇಟ್ಟುಕೊಂಡು ಸುರಕ್ಷತೆಯ ಪೇಪರ್ ಬರೆಯುತ್ತೀರಿ ಅಂದುಕೊಳ್ಳಿ. ರೂಬ್ರಿಕ್ ಕೇಳಿದ್ದು ತಪ್ಪಿಗೆ ದಾರಿಯಾದ ಅಂಶಗಳನ್ನು. ನಮ್ಮವರು ಬರೆಯುವುದು ಸರಿಯಾದ ರೋಗಿ, ಸರಿಯಾದ ಔಷಧ, ಸರಿಯಾದ ಪ್ರಮಾಣ ಎಂಬ ಪಾಠವನ್ನು. ಇಂಗ್ಲಿಷ್ ಎಷ್ಟೇ ಚೆನ್ನಾಗಿರಲಿ, ಅದು ಬೇಸಿಕ್ ಕಾಲಂ ದಾಟುವುದು ಕಷ್ಟ. ಬರೆಯಬೇಕಾದದ್ದು ಹ್ಯಾಂಡೋವರ್‌ನಲ್ಲಿ ಏನು ಬಿಟ್ಟುಹೋಯಿತು, ಔಷಧ ತೆಗೆಯುವಾಗ ಯಾರು ಮಧ್ಯೆ ಮಾತನಾಡಿಸಿದರು, ಎರಡನೆಯವರ ಪರಿಶೀಲನೆ ಏಕೆ ಆಗಲಿಲ್ಲ ಎಂಬುದು. ಇನ್ನೊಂದು ಎಡವಟ್ಟು ಇಲ್ಲೇ ಆಗುತ್ತದೆ. ಭಾರತದಲ್ಲಿ ಮಿ.ಲೀ.ಗೆ 40 ಯೂನಿಟ್‌ನ ವಯಲ್, ಕೆಂಪು ಮುಚ್ಚಳದ ಸಿರಿಂಜ್ ಸಾಮಾನ್ಯ. ಅಮೆರಿಕದಲ್ಲಿ ಬಳಕೆಯಲ್ಲಿರುವುದು 100 ಯೂನಿಟ್‌ನದು, ಸಿರಿಂಜಿನ ಮುಚ್ಚಳ ಕಿತ್ತಳೆ. 40ರ ಸಿರಿಂಜಿನಲ್ಲಿ 100ರ ಇನ್ಸುಲಿನ್ ಎಳೆದರೆ ಡೋಸ್ ಎರಡೂವರೆ ಪಟ್ಟು ಆಗುತ್ತದೆ. ಬೆಂಗಳೂರಿನ ವಾರ್ಡಿನ ಅನುಭವ ಬರೆಯುವಾಗ ಈ ವಿವರ ಸ್ಪಷ್ಟವಾಗಿಲ್ಲದಿದ್ದರೆ ಓದುವವರಿಗೆ ಲೆಕ್ಕವೇ ತಪ್ಪಿದಂತೆ ಕಾಣುತ್ತದೆ. ಸ್ಪಷ್ಟವಾಗಿದ್ದರೆ ಅದೇ ಪೇಪರ್‌ನ ಅತ್ಯುತ್ತಮ ಭಾಗ ಆಗುತ್ತದೆ.

ಕೆಲಸದ ಕ್ರಮ ಇಷ್ಟೇ: ರೂಬ್ರಿಕ್‌ನ ಪ್ರತಿ ಸಾಲನ್ನೂ ಉಪಶೀರ್ಷಿಕೆ ಮಾಡಿಕೊಳ್ಳಿ, ಪ್ರತಿಯೊಂದರ ಕೆಳಗೆ ಒಂದೆರಡು ಪ್ಯಾರಾ, ಕಳೆದ ಐದು ವರ್ಷದೊಳಗಿನ ಲೇಖನದ ಒಂದು ಆಧಾರ, ಎಪಿಎ (ಆಕರಗಳನ್ನು ನಮೂದಿಸುವ ಪದ್ಧತಿ) 7ನೇ ಆವೃತ್ತಿಯ ರೂಪದಲ್ಲಿ. ಮೊದಲ ಪೇಪರ್ ಹತ್ತು ದಿನದೊಳಗೆ ಹೋಗಲೇಬೇಕು ಎಂದು ನೀವೇ ನಿರ್ಧರಿಸಿಕೊಳ್ಳಿ. ಅದು ವಾಪಸು ಬಂದರೂ ಚಿಂತೆಯಿಲ್ಲ, ಈ ಪದ್ಧತಿಯಲ್ಲಿ ತಿದ್ದಿ ಮತ್ತೆ ಕಳಿಸಲು ಅವಕಾಶ ಇದೆ. ಮೌಲ್ಯಮಾಪಕರ ಟಿಪ್ಪಣಿಗಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ.

ಗಡುವಿನ ಕೋರ್ಸ್‌ಗೆ ಬದಲಾದಾಗ ಮೊದಲು ಬಿಡಬೇಕಾದದ್ದು ಈ ತಿದ್ದಿ ಕಳಿಸುವ ಅಭ್ಯಾಸವನ್ನೇ. ಚರ್ಚೆಯ ವಾರ ಮುಗಿದರೆ ಮುಗಿಯಿತು. ಸಾಮಾನ್ಯ ಕ್ರಮ ಎಂದರೆ ವಾರದ ಮಧ್ಯದಲ್ಲಿ ಮೊದಲ ಬರಹ, ಭಾನುವಾರ ರಾತ್ರಿಯೊಳಗೆ ಸಹಪಾಠಿಗಳಿಗೆ ಉತ್ತರ. ಕೋರ್ಸ್ ಶುರುವಾಗುವ ಮೊದಲೇ ಸಿಲಬಸ್‌ನ ಎಲ್ಲ ದಿನಾಂಕಗಳನ್ನೂ ಡ್ಯೂಟಿ ರೋಸ್ಟರ್ ಪಕ್ಕದಲ್ಲಿ ಬರೆಯಿರಿ. ಭಾನುವಾರ ಸಂಜೆ 7ಕ್ಕೆ 12 ಗಂಟೆಯ ನೈಟ್ ಶುರುವಾಗುವುದಾದರೆ, ರಾತ್ರಿ 11:59ರ ಗಡುವು ನಿಮ್ಮ ಡ್ಯೂಟಿಯೊಳಗೇ ಬರುತ್ತದೆ. ಅಂಥವರ ನಿಜವಾದ ಗಡುವು ಶನಿವಾರ. ಫೋರಂ ಮೊದಲೇ ತೆರೆಯದಿದ್ದರೂ ಮುಂದಿನ ಎರಡು ವಾರದ ಬರಹಗಳ ಕರಡನ್ನು ವರ್ಡ್‌ನಲ್ಲಿ ಸಿದ್ಧಮಾಡಿಟ್ಟುಕೊಳ್ಳಬಹುದು.

ವೀಸಾ ದಿನಾಂಕಕ್ಕಾಗಿ ಬೆಂಗಳೂರಿನಲ್ಲೇ ಕಾಯುತ್ತಾ ಓದುವವರಿಗೆ ಗಡಿಯಾರದ ಲೆಕ್ಕ ಬೇರೆ. ಅಮೆರಿಕದ ಸೆಂಟ್ರಲ್ ಸಮಯದ ಭಾನುವಾರ ರಾತ್ರಿ 11:59 ಅಂದರೆ ಇಲ್ಲಿ ಸೋಮವಾರ ಬೆಳಿಗ್ಗೆ 10:29. ನವೆಂಬರ್‌ನ ಮೊದಲ ಭಾನುವಾರದಿಂದ ಮಾರ್ಚ್‌ನ ಎರಡನೇ ಭಾನುವಾರದವರೆಗೆ 11:29. ಬೆಳಗಿನ ಪಾಳಿಯವರಿಗೆ ಅದು ರೌಂಡ್ಸ್ ನಡೆಯುವ ಹೊತ್ತು. ಇವರಿಗೂ ಅಮೆರಿಕದ ಆರ್‌ಎನ್ ಲೈಸೆನ್ಸ್ ಇರಲೇಬೇಕು, ಜೊತೆಗೆ ಪ್ರಾಕ್ಟಿಕಂ (ಪ್ರಾಯೋಗಿಕ ತರಬೇತಿ) ಗಂಟೆಗಳನ್ನು ಅಮೆರಿಕದ ಹೊರಗೆ ಮಾಡಲು ಬಿಡುತ್ತಾರೋ ಇಲ್ಲವೋ ಎಂದು ಸೇರುವ ಮೊದಲೇ ಇಮೇಲ್‌ನಲ್ಲಿ ಉತ್ತರ ಪಡೆಯಿರಿ. ಫೋನಿನಲ್ಲಿ ಕೊಟ್ಟ ಭರವಸೆಗೆ ಬೆಲೆಯಿಲ್ಲ.

ನಮ್ಮ ಶಿಫಾರಸು ಹೀಗಿದೆ. ನೈಟ್ ಡ್ಯೂಟಿ, ಮನೆಯಲ್ಲಿ ಚಿಕ್ಕ ಮಕ್ಕಳು ಇರುವವರಿಗೆ ಸೆಲ್ಫ್-ಪೇಸ್ಡ್, ಅಂದರೆ ಗಡುವಿಲ್ಲದ ಕೋರ್ಸ್, ಚೆನ್ನಾಗಿ ಹೊಂದುತ್ತದೆ. ಆದರೆ ನೇರವಾಗಿ ಅದಕ್ಕೆ ಧುಮುಕಬೇಡಿ. ಸ್ಟ್ಯಾಟಿಸ್ಟಿಕ್ಸ್‌ನಂಥ ಒಂದು ಸಾಮಾನ್ಯ ವಿಷಯವನ್ನು ಕಮ್ಯುನಿಟಿ ಕಾಲೇಜಿನಲ್ಲಿ ಗಡುವಿನ ಪದ್ಧತಿಯಲ್ಲೇ ಆನ್‌ಲೈನ್ ಮುಗಿಸಿ, ಆ ಕ್ರೆಡಿಟ್ ವರ್ಗವಾಗುತ್ತದೆ ಎಂದು ಮೊದಲೇ ಖಚಿತಪಡಿಸಿಕೊಂಡು. ವಾರಕ್ಕೆ ಎಷ್ಟು ಗಂಟೆ ಓದಲು ಸಾಧ್ಯ ಎಂಬುದು ಆಗ ಅಂದಾಜಿಗೆ ಸಿಗುತ್ತದೆ. ಮುಂದೆ ಹೆಚ್ಚಿನ ಓದು ಓದಿ ನರ್ಸ್ ಪ್ರಾಕ್ಟಿಷನರ್ ಆಗುವ ಆಸೆ ಇದ್ದವರು ಟ್ರಾನ್ಸ್‌ಕ್ರಿಪ್ಟ್ (ಅಂಕಪಟ್ಟಿ) ಕಡೆಗೂ ಗಮನ ಕೊಡಿ. ವೆಸ್ಟರ್ನ್ ಗವರ್ನರ್ಸ್‌ನಲ್ಲಿ ಅಕ್ಷರದ ಗ್ರೇಡ್ ಇಲ್ಲ, ಪಾಸ್ ಎಂದಷ್ಟೇ ಇರುತ್ತದೆ, ಅದನ್ನು 3.0 ಜಿಪಿಎಗೆ (ಗ್ರೇಡ್‌ಗಳ ಸರಾಸರಿ) ಸಮ ಎಂದು ವಿಶ್ವವಿದ್ಯಾಲಯ ಹೇಳುತ್ತದೆ. ಅದಕ್ಕಿಂತ ಹೆಚ್ಚಿನ ಜಿಪಿಎ ಕೇಳುವ ಕಡೆ ಅರ್ಜಿ ಹಾಕುವವರಿಗೆ ಗಡುವಿನ ಕೋರ್ಸೇ ಲೇಸು.

ಇನ್ನು ಕರ್ನಾಟಕದಲ್ಲೇ ಕೆಲಸ ಮಾಡುವವರು. ಯುಜಿಸಿಯ 2020ರ ನಿಯಮಗಳಲ್ಲಿ ದೂರಶಿಕ್ಷಣ ಮತ್ತು ಆನ್‌ಲೈನ್ ಮೂಲಕ ಕೊಡಬಾರದ ವಿಷಯಗಳ ಪಟ್ಟಿಯಲ್ಲಿ ನರ್ಸಿಂಗ್ ಇದೆ. ಮನೆಯಲ್ಲೇ ಕೂತು ಬಿಎಸ್‌ಸಿ ನರ್ಸಿಂಗ್, ಹಾಜರಾತಿ ಬೇಡ ಎಂದು ಯಾರಾದರೂ ಮುಂಗಡ ಕೇಳಿದರೆ ಒಂದು ರೂಪಾಯಿಯನ್ನೂ ಕೊಡಬೇಡಿ. ದುಡ್ಡಿನ ಜೊತೆ ವರ್ಷಗಳೂ ಹೋಗುತ್ತವೆ. ಜಿಎನ್‌ಎಂ ಆದವರಿಗೆ ಇಲ್ಲಿ ನೇರ ದಾರಿ ಕಾಲೇಜಿಗೆ ಹೋಗಿ ಓದುವ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್‌ಸಿ. ಸೇರುವ ಮೊದಲು ಕಾಲೇಜಿಗೆ ಆ ವರ್ಷದ ಮಾನ್ಯತೆ ಇದೆಯೇ ಎಂದು ವಿಶ್ವವಿದ್ಯಾಲಯದ ಪಟ್ಟಿಯಲ್ಲೂ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲೂ ನೋಡಿಕೊಳ್ಳಿ, ಆಸ್ಪತ್ರೆಯಿಂದ ಓದಿಗಾಗಿ ರಜೆ ಸಿಗುತ್ತದೆಯೇ ಎಂಬುದನ್ನು ಅರ್ಜಿ ಹಾಕುವ ಮೊದಲೇ ನರ್ಸಿಂಗ್ ಸೂಪರಿಂಟೆಂಡೆಂಟ್ ಹತ್ತಿರ ಬರವಣಿಗೆಯಲ್ಲಿ ಕೇಳಿ ಇಟ್ಟುಕೊಳ್ಳಿ.